ನಾರುಹುಣ್ಣಿನ ಬೇಸಿಗೆ

ಕೊಪ್ಪಳದ ಈ ಓಣಿಯಲ್ಲಿ ಯಾರ ಮನೆಯಲ್ಲಿ ಯಾರ ಕಾಲು ಊದಿದರೂ ಮೊದಲು ಗೊತ್ತಾಗುವುದು ನನಗೆ. ಎಕ್ಕೆ ಎಲೆಗೆ ಔಡಲೆಣ್ಣೆ ಸವರಿ ಹಂಚಿನ ಮೇಲೆ ಬಾಡಿಸಿದರೆ ಏಳುವ ವಾಸನೆ ಗೋಡೆ ಹಾರಿ ಬರುತ್ತದೆ. ಮೊನ್ನೆ ಪಕ್ಕದ ಮನೆಯ ಸೊಸೆ ತನ್ನ ಮಾವನ ಕಾಲಿಗೆ ಅದನ್ನೇ ಕಟ್ಟುತ್ತಿದ್ದಳು. "ಅಮ್ಮಾರ, ನಿಮ್ಮ ಮೊಣಕಾಲಿಗೂ ನಾಕು ಎಲಿ ಕಟ್ಟಲೇನ್ರಿ? ಬಾಗತೈತೇನೋ ನೋಡೋಣು" ಎಂದು ಕಿಟಕಿಯಲ್ಲಿ ಮುಖ ಹಾಕಿ ಕೇಳಿದಳು. ಒಳ್ಳೆಯ ಹುಡುಗಿ. ಈ ಮೊಣಕಾಲು ಎಲೆಗೆಲ್ಲ ಬಾಗುವ ಜಾತಿಯದಲ್ಲ ಎಂದು ಹೇಳಿ ಕಿಟಕಿ ಮುಚ್ಚಿದೆ. ವಾಸನೆ ಮಾತ್ರ ಒಳಗೇ ಉಳಿಯಿತು, ಅದರ ಬೆನ್ನಿಗೆ ಆ ಬೇಸಿಗೆಯೂ ಬಂದು ಕೂತಿತು.

ನಿಜಾಮರ ಆಳ್ವಿಕೆಯ ಕಾಲ. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಕುಷ್ಟಗಿಯಿಂದ ಯಲಬುರ್ಗಾದ ಕಡೆಗೆ ಹೋಗುವ ಗಾಡಿದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ, ನನ್ನನ್ನು ಬಲ್ಲವರು ಅಲ್ಲಿ ಇನ್ನೂ ಇದ್ದಾರೆ. ಅಲ್ಲಿ ಮಿಷನ್ನಿನವರದೊಂದು ಸಣ್ಣ ದವಾಖಾನೆ. ಎರಡು ಕಲ್ಲಿನ ಕೋಣೆ, ಮುಂದೆ ಒಂದು ಪಡಸಾಲೆ, ಹಿತ್ತಲಲ್ಲಿ ಪಟ್ಟಿಬಟ್ಟೆ ಕುದಿಸುವ ಒಲೆ, ಒಂದು ಬೇವಿನ ಮರ. ವಾರದ ಆರು ದಿನ ಆ ಪಡಸಾಲೆಯಲ್ಲಿ ರೋಗಿಗಳು ನರಳುತ್ತಿದ್ದರು, ಭಾನುವಾರ ಅದೇ ನಮ್ಮ ದೇವಾಲಯ. ರಾಯಚೂರಿನ ಕಡೆಯ ಮಿಷನ್ ಬೋರ್ಡಿಂಗಿನಲ್ಲಿ ಬೆಳೆದ ನಾನು ಹದಿನೇಳೋ ಹದಿನೆಂಟೋ ವಯಸ್ಸಿಗೆ ಗಾಯ ತೊಳೆಯುವ ಕೆಲಸಕ್ಕೆಂದು ಅಲ್ಲಿಗೆ ಬಂದು ಒಂದು ವರ್ಷದ ಮೇಲಾಗಿತ್ತು. ನನ್ನ ಹೆಸರು ಸಮಾಧಾನಮ್ಮ. ಪ್ಲೇಗಿನಲ್ಲಿ ತಾಯಿತಂದೆ ಇಬ್ಬರನ್ನೂ ಕಳಕೊಂಡು ಹಗಲೂರಾತ್ರಿ ಕಿರುಚುತ್ತಿದ್ದ ಕೂಸಿಗೆ ಈ ಹೆಸರು ಇಟ್ಟವರ ಧೈರ್ಯ ಮೆಚ್ಚಬೇಕು.

ಬೋರ್ಡಿಂಗಿನಲ್ಲಿ 'ಸ್ಪರ್ಶ' ಎಂದೊಂದು ಮಾತಿತ್ತು. ಪ್ರಾರ್ಥನೆಯಲ್ಲಿದ್ದಾಗ ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ, ಎದೆ ತುಂಬಿ, ಅಳು ಬಂದು, ದೇವರು ಪಕ್ಕದಲ್ಲೇ ನಿಂತಿದ್ದಾನೆ ಎಂದು ಖಾತ್ರಿಯಾಗುವುದಕ್ಕೆ ಆ ಹೆಸರು. ವರ್ಷಕ್ಕೊಮ್ಮೆ ನಡೆಯುವ ಕೂಟದಲ್ಲಿ ಒಬ್ಬೊಬ್ಬರಿಗೇ ಅದು ಆಗುತ್ತ ಬಂತು. ಜಗಳಗಂಟಿಯರಿಗೆ ಆಯಿತು, ಕದ್ದು ಬೆಲ್ಲ ತಿನ್ನುವವರಿಗೆ ಆಯಿತು. ನನಗೆ ಆಗಲಿಲ್ಲ. ಎಲ್ಲರೂ ಅಳುವಾಗ ನಾನು ಒಂದು ಕಣ್ಣು ತೆರೆದು ಸುತ್ತ ನೋಡುತ್ತಿದ್ದೆ. ಸುಳ್ಳು ಅಳು ಅಳುವುದು ಕಷ್ಟವೇನಲ್ಲ, ಆದರೆ ನನಗೆ ಬೇಕಾಗಿದ್ದದ್ದು ನಿಜದ್ದು. ತಾಯಿಯ ಮುಖ ನೆನಪಿಲ್ಲದವಳಿಗೆ ಯಾರೋ ಒಬ್ಬರು ಹತ್ತಿರ ಇದ್ದಾರೆ ಎಂದು ಒಮ್ಮೆಯಾದರೂ ಗೊತ್ತಾಗಬೇಕಿತ್ತು. ಆ ಹಳ್ಳಿಗೆ ಬರುವಾಗ ನನ್ನ ಟ್ರಂಕಿನಲ್ಲಿ ಎರಡು ಸೀರೆ, ಸತ್ಯವೇದವೆನ್ನುವ ನಮ್ಮ ಬೈಬಲು, ಮತ್ತು ಈ ಆಸೆ ಇತ್ತು.

ದವಾಖಾನೆಯ ಹಿರಿಯಾಕೆ ಎಸ್ತರಮ್ಮ. ಗದಗಿನ ಕಡೆಯವರು, ಚಿಕ್ಕಂದಿನಲ್ಲೇ ಗಂಡನನ್ನು ಕಳಕೊಂಡವರು, ಎತ್ತರದ ಆಳು. ಬಿಳಿ ಸೀರೆಗೆ ಒಂದು ಕಲೆ ಬಿದ್ದರೆ ಆ ಕಲೆಯೇ ಹೆದರಿ ಓಡಬೇಕು, ಅಂಥ ನೋಟ. ದಿನಕ್ಕೆ ಮೂರು ಸಲ ಗಂಟೆ ಹೊಡೆಯುವುದು ಆಕೆಯ ಕಟ್ಟಳೆ. ಗಂಟೆ ಆಯಿತೆಂದರೆ ಕೈಯಲ್ಲಿದ್ದದ್ದು ಅಲ್ಲೇ ಬಿಟ್ಟು ಪಡಸಾಲೆಗೆ ಬಂದು ಮೊಣಕಾಲೂರಬೇಕು. ಹಾಲು ಉಕ್ಕಲಿ, ರೊಟ್ಟಿ ಸೀಯಲಿ, ರೋಗಿ ಬೈಯಲಿ. ಒಮ್ಮೆ ನಾನು ಒಲೆಯ ಮೇಲಿನ ಪಟ್ಟಿಬಟ್ಟೆ ಇಳಿಸಿ ಬರುವಷ್ಟರಲ್ಲಿ ತಡವಾಯಿತು. ಎಸ್ತರಮ್ಮ ಎಲ್ಲರೆದುರಿಗೂ ಹೇಳಿದರು:

"ದೇವ್ರಿಗೆ ಉಳದಿದ್ದ ಹೊತ್ತು ಕೊಡಬ್ಯಾಡವ್ವಾ. ಉಳದಿದ್ದು ನಾಯಿಗೆ ಹಾಕತಾರ."

ನನ್ನ ಜೊತೆಗೆ ರೂತ್ ಎಂಬ ಇನ್ನೊಬ್ಬ ಹುಡುಗಿ ಕೆಲಸಕ್ಕಿದ್ದಳು. ಗಂಟೆ ಹೊಡೆಯುವುದು ಅವಳ ಪಾಲಿಗೆ. ರೂತಳಿಗೆ ದಿನಾ ಸ್ಪರ್ಶ. ಕಣ್ಣು ಮುಚ್ಚಿದರೆ ಸಾಕು, ನಲ್ಲಿ ತಿರುವಿದಂತೆ ನೀರು. ನೀರು ಹೊರುವುದಕ್ಕೆ, ಗಾಡಿ ಹೊಡೆಯುವುದಕ್ಕೆ ಕಾಸಿಂಸಾಬ ಇದ್ದ. ನಮ್ಮ ಪ್ರಾರ್ಥನೆಯ ಹೊತ್ತಿಗೆ ಆತ ಬೇವಿನ ಮರದ ಕೆಳಗೆ ಬೀಡಿ ಸೇದುತ್ತ ಕೂರುತ್ತಿದ್ದ, ತನ್ನ ನಮಾಜಿನ ಹೊತ್ತಿಗೆ ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಇಷ್ಟೇ ನಮ್ಮ ಸಂಸಾರ.

ಆ ಸೀಮೆಗೆ ಬೇಸಿಗೆಯೆಂದರೆ ನಾರುಹುಣ್ಣಿನ ಕಾಲ. ಈಗಿನವರಿಗೆ ಅದರ ಹೆಸರೂ ಗೊತ್ತಿಲ್ಲ, ಅವರ ಪುಣ್ಯ. ಆಗೆಲ್ಲ ಮೆಟ್ಟಿಲಿನ ಬಾವಿಗಳು. ಜನ ಇಳಿದು ಕಾಲು ಅದ್ದಿ ಕೊಡ ತುಂಬುತ್ತಿದ್ದರು, ಅದೇ ನೀರು ಕುಡಿಯುತ್ತಿದ್ದರು. ಆ ನೀರಿನ ಜೊತೆ ಹೊಟ್ಟೆಗೆ ಹೋದದ್ದು ಒಂದು ವರ್ಷ ಮೈಯೊಳಗೇ ಬೆಳೆದು, ಮರುಬೇಸಿಗೆಗೆ ಕಾಲಲ್ಲಿ ಬೊಕ್ಕೆಯಾಗಿ ಒಡೆದು ತಲೆ ಹೊರಗೆ ಹಾಕುತ್ತಿತ್ತು. ಬಿಳಿ ದಾರದಂಥ ಹುಳ, ಎಳೆದಷ್ಟೂ ಉದ್ದ. ಹೊರಬಂದ ತುದಿಯನ್ನು ಕಸ ಗುಡಿಸುವ ಬಾರಿಗೆಯ ಕಡ್ಡಿಚೂರಿಗೆ ಸುತ್ತಿ ದಿನಾ ಒಂದಿಷ್ಟು, ಒಂದಿಷ್ಟೇ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದದ್ದು ಒಳಗೆ ಸರಿದು ವಿಷವಾಗುತ್ತದೆ. ಕಾಲು ಹೋದವರನ್ನು, ಜೀವವೇ ಹೋದವರನ್ನು ನಾನು ಅಲ್ಲಿ ನೋಡಿದ್ದೆ. ಕುಕನೂರಿನ ಕಡೆಯಿಂದ, ಕುಷ್ಟಗಿಯ ಸುತ್ತಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು, ಹೆಗಲ ಮೇಲೆ ಹೊತ್ತುಕೊಂಡು ತರುತ್ತಿದ್ದರು. ಹುಳ ಸುತ್ತುವ ಕೆಲಸವನ್ನು ಎಸ್ತರಮ್ಮ ಯಾರಿಗೂ ಕೊಡುತ್ತಿರಲಿಲ್ಲ. ಗಂಟೆಯ ಕಟ್ಟಳೆಗೆ ಇದ್ದ ಒಂದೇ ಒಂದು ವಿನಾಯಿತಿ ಅದು: ಕೈಯಲ್ಲಿ ಕಡ್ಡಿ ಇದ್ದರೆ ಸುತ್ತಿ ಮುಗಿಸಿ ಬರಬಹುದು.

ಆ ವರ್ಷ ಶಿವರಾತ್ರಿ ಕಳೆದದ್ದೇ ಬಿಸಿಲು ಏರಿತು, ರೋಗಿಗಳೂ ಏರಿದರು. ಬೆಳಕು ಹರಿಯುವ ಮೊದಲು ಎದ್ದು ಒಲೆ ಹಚ್ಚಿದರೆ ಕೀವು ತೊಳೆ, ಎಲೆ ಬಾಡಿಸು, ಪಟ್ಟಿ ಕುದಿಸು, ಒಣಗಿಸು, ಸುತ್ತು. ಕುದಿಯುವ ಪಾತ್ರೆಯ ಮುಂದೆ ನಿಂತು ಪ್ರಾರ್ಥಿಸಲು ನೋಡಿದೆ. ಬಾಯಿ 'ಕರ್ತನೇ' ಅನ್ನುತ್ತಿತ್ತು, ಮನಸ್ಸು ಪಟ್ಟಿಬಟ್ಟೆಗೆ ಸೋಡಾ ಹಾಕಿದೆನೋ ಇಲ್ಲವೋ ಅನ್ನುತ್ತಿತ್ತು. ಗಂಟೆಯಾಗಿ ಮೊಣಕಾಲೂರಿದರೆ ಇನ್ನೂ ಕಷ್ಟ. ಕಣ್ಣು ಮುಚ್ಚಿದ ಕೂಡಲೇ ನಿದ್ದೆ ಬಂದು ರೂತಳ ಹೆಗಲ ಮೇಲೆ ಬೀಳುತ್ತಿದ್ದೆ. ಒಂದು ದಿನ ನಾಚಿಕೆ ಬಿಟ್ಟು ಎಸ್ತರಮ್ಮನವರನ್ನೇ ಕೇಳಿದೆ.

"ನನಗ ದೇವ್ರು ಸಿಗವಲ್ಲರೀ. ಏನ್ ಮಾಡಲಿ?"

ಆಕೆ ಕೈ ಒರೆಸಿಕೊಳ್ಳುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿನಗ ಬಿಡುವಿಲ್ಲ, ಅವಗ ಜಾಗ ಇಲ್ಲ. ಒಂದು ತಾಸು ಬಿಡುವು ಕೇಳಿಕೋ. ಕೊಡತಾನ."

ಕೇಳಿಕೊಂಡೆ. ಮನಸಾರೆ, ಕಣ್ಣು ಬಿಗಿಯಾಗಿ ಮುಚ್ಚಿ, ನನ್ನ ಕೆಲಸ ಬಿಡಿಸಿ ನಿನ್ನ ಹತ್ತಿರ ಕೂರಿಸಿಕೋ ಎಂದು ಕೇಳಿಕೊಂಡೆ. ಆ ವಾರದಲ್ಲೇ ಬಲ ಮೊಣಕಾಲ ಚಿಪ್ಪಿನ ಕೆಳಗೆ ಉರಿ ಎದ್ದಿತು. ಬೊಕ್ಕೆಯಾಗಿ ಒಡೆದಾಗ ಬಿಳಿ ತುದಿ ಕಾಣಿಸಿತು. ಕೇಳಿದ್ದು ಒಂದು ತಾಸಿನ ಬಿಡುವು, ಕೊಟ್ಟದ್ದು ನಾರುಹುಣ್ಣು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಬಿಡುವು ಕೊಡಿಸಲು ಹೊರಟರೆ ದೇವರೇ ಇಂಥ ಚೇಷ್ಟೆ ಮಾಡಿದ್ದ. ನನಗೆ ಅಳುವಿನ ಬದಲು ನಗು ಬಂತು. ರೂತ್ ನನಗೆ ತಲೆ ಕೆಟ್ಟಿತೆಂದು ತಿಳಿದಳು.

ಆದರೂ ಕೂತಲ್ಲೇ ಮಾಡುವ ಕೆಲಸ ತಪ್ಪಲಿಲ್ಲ. ಪಟ್ಟಿ ಸುತ್ತುತ್ತ, ಎಲೆಯ ದಂಟು ಮುರಿಯುತ್ತ ಇರುತ್ತಿದ್ದೆ. ಬೆಳಗಿನ ರೋಗಿಗಳು ಮುಗಿದ ಮೇಲೆ ಎಸ್ತರಮ್ಮ ನನ್ನ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಪಟ್ಟಿ ಬಿಚ್ಚಿ, ಬಿಸಿನೀರು ಬಿಟ್ಟು, ಕಡ್ಡಿ ಹಿಡಿದು "ಉಸಿರು ಬಿಗಿ ಹಿಡಕೋ, ಅಲುಗಾಡಬ್ಯಾಡ" ಅನ್ನುತ್ತಿದ್ದರು. ಅಷ್ಟು ಗಡಸು ಹೆಂಗಸಿನ ಬೆರಳು ಅಷ್ಟು ಹಗುರವಾಗಿರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಹುಳ ತಾನಾಗಿ ಸಡಿಲಬೇಕು, ನಾವು ಕಾಯಬೇಕು. ಎಳೆದರೆ ಕೆಟ್ಟಿತು, ಬಿಟ್ಟರೆ ಒಳಗೆ ಹೋಯಿತು. ಕಾಯುತ್ತ ಆಕೆ ತುಟಿಯೊಳಗೇ ಪ್ರಾರ್ಥಿಸುತ್ತಿದ್ದರು. ಪಡಸಾಲೆಯಲ್ಲಿ ಗುಡುಗುತ್ತಿದ್ದ ಆ ದನಿ ಇಲ್ಲಿ ಬೇರೆಯಾಗಿತ್ತು. "ತಂದಿ, ಈ ಹುಡುಗಿ ಕಾಲು ನಿನ್ನ ಕೈಯಾಗೈತಿ. ಹಗೂರ, ನಮ್ಮಪ್ಪ, ಹಗೂರ" ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹೇಳುತ್ತಿದ್ದರು.

ಆ ಹೊತ್ತಿನಲ್ಲಿ ನನಗೆ ನಿದ್ದೆ ಬರಲಿಲ್ಲ, ಸೋಡಾ ನೆನಪಾಗಲಿಲ್ಲ. ಮನಸ್ಸು ಕಡ್ಡಿಯ ತುದಿಯಲ್ಲಿ ನಿಲ್ಲುತ್ತಿತ್ತು, ಅಲ್ಲಿಂದ ಎಲ್ಲಿಗೂ ಹೋಗುತ್ತಿರಲಿಲ್ಲ. ಇದು ಸ್ಪರ್ಶವಲ್ಲ ಎಂದು ಗೊತ್ತಿತ್ತು. ಆದರೆ ಯಾರೋ ಬಾಗಿಲ ತನಕ ಬಂದಿದ್ದಾರೆ, ಇನ್ನೇನು ಒಳಗೆ ಕಾಲಿಡುತ್ತಾರೆ ಅನಿಸುತ್ತಿತ್ತು. ನನ್ನ ಜೀವನದ ಒಳ್ಳೆಯ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ, ಕೀವು ಸೋರುವ ಕಾಲು ಚಾಚಿಕೊಂಡು ಕೂತ ಆ ದಿನಗಳು ಎಂದು ಹೇಳಬೇಕಾಗುತ್ತದೆ.

ಒಂದು ಮಧ್ಯಾಹ್ನ ಹೀಗೇ ಕೂತಿದ್ದೆವು. ಅಂದು ಹುಳ ಎಂದಿಗಿಂತ ಸಲೀಸಾಗಿ ಬಂತು. ಎಸ್ತರಮ್ಮ ಕಡ್ಡಿ ಕಟ್ಟಿ, ಪಟ್ಟಿ ಸುತ್ತಿ ಮುಗಿಸಿ, ಆಮೇಲೂ ಏಳದೆ ನನ್ನ ಪಾದದ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಾನೂ ಮುಚ್ಚಿದ್ದೆ. ಎಷ್ಟೋ ಹೊತ್ತಿನ ಮೇಲೆ ಪಡಸಾಲೆಯಿಂದ ಕೀರ್ತನೆಯ ದನಿ ಕೇಳಿತು. ರೂತ್ ಗಂಟೆ ಹೊಡೆದು, ಕಾದು, ಹಿರಿಯಾಕೆ ಬಾರದ್ದಕ್ಕೆ ರೋಗಿಗಳನ್ನೇ ಕೂರಿಸಿಕೊಂಡು ಪ್ರಾರ್ಥನೆ ಮುಗಿಸಿ ಹಾಡು ಎತ್ತಿದ್ದಳು. ಗಂಟೆಯ ಸದ್ದು ನಮ್ಮಿಬ್ಬರಿಗೂ ಕೇಳಿರಲಿಲ್ಲ. ಎಸ್ತರಮ್ಮನ ಮುಖ ಕಪ್ಪಿಟ್ಟಿತು. ಎದ್ದು ಸೆರಗು ಜಾಡಿಸಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡದೇ ಹೇಳಿದರು.

"ನಾವು ದೇವ್ರನ್ನ ಬಿಟ್ಟು ಈ ಕಾಲಿನ ಪೂಜಿ ಮಾಡಾಕ ಹತ್ತೀವಿ."

ಮರುದಿನದಿಂದ ಹುಳ ಸುತ್ತುವಾಗ ಆಕೆ ತುಟಿ ಬಿಚ್ಚಲಿಲ್ಲ. ಕೆಲಸ ಮುಗಿಸಿ ಎದ್ದು ಹೋಗುತ್ತಿದ್ದರು. ತುಸುವೇ ತೆರೆದಿದ್ದ ಬಾಗಿಲನ್ನು ಮುಖದ ಮೇಲೆ ಹಾಕಿದಂತಾಯಿತು. ನಾನು ಏನು ತಪ್ಪು ಮಾಡಿದೆನೆಂದು ಯೋಚಿಸಿ ಯೋಚಿಸಿ ಸೋತೆ. ಸುಖವಾದದ್ದೇ ತಪ್ಪು ಎಂದು ಆಕೆಗೆ ಅನಿಸಿತ್ತೆಂಬುದು ಆ ವಯಸ್ಸಿಗೆ ನನಗೆ ತಿಳಿಯಲಿಲ್ಲ.

ಶುಭ ಶುಕ್ರವಾರ ಬಂತು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ, ಸ್ವಾಮಿ ಶಿಲುಬೆಯ ಮೇಲಿದ್ದ ಮೂರು ತಾಸು, ಆತ ಅಲ್ಲಿ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಓದಿ ಧ್ಯಾನಿಸುವುದು ನಮ್ಮವರ ಪದ್ಧತಿ. ಬೇರೆ ಕಡೆ ಕೂತು ಕೇಳುತ್ತಾರೆ. ಎಸ್ತರಮ್ಮನಲ್ಲಿ ಮೂರು ತಾಸೂ ಮೊಣಕಾಲ ಮೇಲೆ. ನಾನು ಗೋಡೆಗೊರಗಿ ಕಾಲು ಚಾಚಿ ಕೂತಿದ್ದೆ. ಎಸ್ತರಮ್ಮ ಸತ್ಯವೇದ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತರು.

"ಏಳು. ಇವತ್ತೊಂದಿನ ಯಾರೂ ಕುಂಡ್ರಂಗಿಲ್ಲ."

ನೀರಿನ ಕೊಡ ಇಳಿಸುತ್ತಿದ್ದ ಕಾಸಿಂಸಾಬ ಅಲ್ಲಿಂದಲೇ ಕೂಗಿದ. "ಅಮ್ಮಾರ, ಹುಳ ಇನ್ನಾ ಅರ್ಧ ಒಳಗೈತ್ರಿ. ಕಲ್ಲಿನ ಮ್ಯಾಲ ಊರಿದ್ರ ಹರದು ಹೋಗತೈತಿ."

"ಸ್ವಾಮಿ ಮೂರು ತಾಸು ಮೊಳಿ ಮ್ಯಾಲ ತೂಗಿದ. ಈಕಿ ಒಂದು ಮೊಣಕಾಲು ಊರಿದ್ರ ಏನಾಕೈತಿ? ದೇವ್ರ ಕಾಯತಾನ."

"ದೇವ್ರು ಕಾಯತಾನ್ರಿ, ಹುಳ ಕಾಯಂಗಿಲ್ಲ" ಎಂದ ಕಾಸಿಂಸಾಬ. ಎಸ್ತರಮ್ಮ ತಿರುಗಿ ನೋಡಿದ ರೀತಿಗೆ ಕೊಡ ಅಲ್ಲೇ ಬಿಟ್ಟು ಬೇವಿನ ಮರದ ಕಡೆ ಹೋದ.

ನನ್ನನ್ನು ಬಲವಂತವಾಗಿ ಎಬ್ಬಿಸಿದರು ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಆಕೆ ಮತ್ತೆ ನನ್ನ ಜೊತೆ ಮಾತಾಡಿದ್ದೇ ನನಗೆ ಸಾಕಾಗಿತ್ತು. ಇವತ್ತು ಅದು ಆಗಬಹುದು, ಆಗದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲ ಅನಿಸಿತು. ರೂತಳ ಹೆಗಲು ಹಿಡಿದು ಎದ್ದು ಮೊಣಕಾಲೂರಿದೆ. ಕಡ್ಡಿ ಕಟ್ಟಿದ್ದ ಪಟ್ಟಿ ಕಲ್ಲಿಗೆ ಒತ್ತಿತು.

ಮೊದಲ ಮಾತು ಮುಗಿಯುವಷ್ಟರಲ್ಲಿ ಬೆವರು ಕಣ್ಣಿಗಿಳಿಯಿತು. ಮೂರನೆಯದಕ್ಕೆ ಕಾಲು ನನ್ನದಲ್ಲ ಅನಿಸತೊಡಗಿತು. ಹೊರಗೆ ಬಿಸಿಲು, ಒಳಗೆ ನೊಣ, ಮೂಲೆಯಲ್ಲಿ ಒಬ್ಬ ರೋಗಿಯ ನರಳಾಟ, ಎಲ್ಲಕ್ಕೂ ಮೇಲೆ ಎಸ್ತರಮ್ಮನ ದನಿ. ಐದನೆಯದು ನೀರಡಿಕೆಯ ಮಾತು. ಅದನ್ನು ಓದುತ್ತಿದ್ದಾಗ ನಾನು ಭಾರ ತಾಳಲಾರದೆ ಒಂದಿಷ್ಟು ಸರಿದೆ. ಮೊಣಕಾಲಿನಿಂದ ಏನೋ ಸರಕ್ಕನೆ ಮೇಲಕ್ಕೆ ಹೋಯಿತು. ಅದರ ಹಿಂದೆಯೇ ಬೆಂಕಿ. ತೊಡೆ, ಸೊಂಟ, ಎದೆ ದಾಟಿ ಗಂಟಲಿಗೆ ಬಂತು. ಅಯ್ಯೋ ಎಂದು ಕೂಗಬೇಕಾದವಳು ನಾನು ಕೂಗಿದ್ದು ಬೇರೆ.

"ಬಂದ! ಬಂದಾನ್ರಿ!"

ಅಳು ಕಟ್ಟೆಯೊಡೆಯಿತು. ಇಷ್ಟು ವರ್ಷ ಬಾರದ್ದೆಲ್ಲ ಒಟ್ಟಿಗೆ ಬಂತು. ಎಸ್ತರಮ್ಮ ಸತ್ಯವೇದ ಕೆಳಗಿಟ್ಟು ಮೊಣಕಾಲ ಮೇಲೇ ತೆವಳುತ್ತ ಬಂದು ನನ್ನನ್ನು ಅಪ್ಪಿಕೊಂಡರು. ಆಕೆಯ ಮೈ ಗಡಗಡ ನಡುಗುತ್ತಿತ್ತು. ಆಕೆಯ ಕಣ್ಣೀರು ನನ್ನ ಕುತ್ತಿಗೆಯ ಮೇಲೆ ಬೀಳುತ್ತಿತ್ತು. "ಸ್ತೋತ್ರ, ತಂದೀ, ಸ್ತೋತ್ರ" ಎಂಬ ಒಂದೇ ಮಾತು. ಯಾರೋ ಕೀರ್ತನೆ ಎತ್ತಿದರು. ರೂತ್ ಮಾತ್ರ ಅಂದು ಅಳಲಿಲ್ಲ, ಬಾಯಿ ತೆರೆದು ನಮ್ಮಿಬ್ಬರನ್ನು ನೋಡುತ್ತ ಕೂತಳು. ನನ್ನ ಹುಟ್ಟಿನಿಂದ ಯಾರೂ ನನ್ನನ್ನು ಹಾಗೆ ಅಪ್ಪಿರಲಿಲ್ಲ. ಹೊರಗೂ ಒಳಗೂ ಯಾರೋ ಹಿಡಿದುಕೊಂಡಿದ್ದಾರೆ ಎಂಬ ಆ ಖಾತ್ರಿಯಲ್ಲಿ ಉಳಿದ ಎರಡು ಮಾತುಗಳು ಯಾವಾಗ ಮುಗಿದವೋ ಗೊತ್ತಾಗಲಿಲ್ಲ.

ಎಲ್ಲರೂ ಎದ್ದ ಮೇಲೆ ನೆಲ ಒರೆಸಲು ಬಂದ ಕಾಸಿಂಸಾಬ ನಾನು ಮೊಣಕಾಲೂರಿದ್ದ ಜಾಗದಲ್ಲಿ ಬಗ್ಗಿದ. "ಅಮ್ಮಾರ, ಇದನ್ನೊಂದಿಷ್ಟು ನೋಡ್ರಿ." ಅವನ ಕೈಯಲ್ಲಿ ಬಾರಿಗೆಕಡ್ಡಿಯ ಚೂರು. ಅದಕ್ಕೆ ಸುತ್ತಿದ್ದ ಹುಳದ ತುದಿ ಹರಿದು ಜೋತಾಡುತ್ತಿತ್ತು. ಎಸ್ತರಮ್ಮ ಅದನ್ನು ಇಸಕೊಂಡು ಬೆಳಕಿಗೆ ಹಿಡಿದು ನೋಡಿದರು. ಸೆರಗಿನ ಮರೆಗೆ ಹಾಕಿಕೊಂಡು ಒಳಗೆ ಹೋದರು.

ಪುನರುತ್ಥಾನದ ಭಾನುವಾರ ಎಲ್ಲರೂ ಹೊಸ ಬಟ್ಟೆಯಲ್ಲಿ ಹಾಡುತ್ತಿದ್ದಾಗ ನನಗೆ ಜ್ವರ ನೆತ್ತಿಗೇರಿತ್ತು. ಕಾಲು ತೊಡೆಯ ತನಕ ಬಾತು ಮಿರಮಿರ ಮಿಂಚುತ್ತಿತ್ತು. ಎಕ್ಕೆ ಎಲೆ, ಬೇವಿನ ನೀರು, ಔಡಲೆಣ್ಣೆ, ಯಾವುದಕ್ಕೂ ಅದು ಜಗ್ಗಲಿಲ್ಲ. ಎಸ್ತರಮ್ಮ ಹಗಲೆಲ್ಲ ನನ್ನ ತಲೆದೆಸೆಯಲ್ಲಿ ಕೂತು ಒದ್ದೆ ಬಟ್ಟೆ ಹಾಕಿದರು. ಕೊನೆಗೆ ಕಾಸಿಂಸಾಬ ಯಾರನ್ನೂ ಕೇಳದೆ ಗಾಡಿ ಕಟ್ಟಿ ಕುಷ್ಟಗಿಗೆ ಹೋಗಿ ಡಾಕ್ಟರನ್ನು ಕರೆತಂದ. ಅವರು ಮೊಣಕಾಲಿಗೆ ಎರಡು ಕಡೆ ಚಾಕು ಹಾಕಿ ಬೋಗುಣಿ ತುಂಬ ಕೀವು ತೆಗೆದರು. ನನ್ನನ್ನು ಹಿಡಿದುಕೊಂಡಿದ್ದ ಇಬ್ಬರು ಗಂಡಸರೂ ಮುಖ ತಿರುಗಿಸಿಕೊಂಡರು.

"ಹುಳ ಹೆಂಗ ಹರೀತು?" ಡಾಕ್ಟರು ಕೈ ತೊಳೆಯುತ್ತ ಕೇಳಿದರು. ಎಸ್ತರಮ್ಮ ನೆಲ ನೋಡುತ್ತಿದ್ದರು. ರೂತ್ ಹೆದರಿ ಬಾಯಿಬಿಟ್ಟಳು: "ಪ್ರಾರ್ಥನಾದಾಗ ರೀ. ಮೊಣಕಾಲು ಊರಿದಾಗ ಆಕಿಗೆ ಸ್ಪರ್ಶ ಆತ್ರಿ."

"ಛಲೋ ಆತು ಬಿಡು. ಸ್ಪರ್ಶ ಬಂತು, ಕಾಲು ಹೋತು" ಎಂದರು ಡಾಕ್ಟರು. ಕಾಲಿಗೆ ಎರಡು ಹಲಗೆ ಕೊಟ್ಟು ಬಿಗಿದು, ಟೋಪಿ ಹಾಕಿಕೊಂಡು ಹೊರಟುಹೋದರು.

ಜೀವ ಉಳಿಯಿತು. ಹಲಗೆ ಬಿಚ್ಚಿದಾಗ ಮೊಣಕಾಲು ಒಂದು ತೊಲೆ. ಅಂದಿನಿಂದ ಇಂದಿನವರೆಗೂ ಅದು ಮಡಚಿಲ್ಲ. ಕೂರುವಾಗ ಚಾಚಿ, ನಡೆಯುವಾಗ ಎಳೆದು, ಹೀಗೇ ಬದುಕು ಕಳೆದೆ. ಆಗ ನನಗೆ ಅದರ ದುಃಖ ಅಷ್ಟಾಗಿ ಆಗಲಿಲ್ಲವೆಂದರೆ ನಂಬುತ್ತೀರೋ ಇಲ್ಲವೋ. ಆ ಐದನೆಯ ಮಾತಿನ ಹೊತ್ತನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡಿದ್ದೆ. ಆತ ಬಂದಿದ್ದ. ಕಾಲು ಹೋದರೆ ಹೋಗಲಿ, ಬಂದದ್ದಂತೂ ನಿಜ. ಹುಳದ ವಿಷಯ ನೆನಪಾದಾಗಲೆಲ್ಲ ಮನಸ್ಸನ್ನು ಬೇರೆ ಕಡೆ ಎಳೆಯುತ್ತಿದ್ದೆ.

ಎಸ್ತರಮ್ಮ ಆಮೇಲೆ ಮಾಡಿದ್ದನ್ನು ಮಾತ್ರ ಇಂದಿಗೂ ನುಂಗಲಾಗಿಲ್ಲ. ನಾನು ಕೋಲು ಹಿಡಿದು ಓಡಾಡತೊಡಗಿದ್ದೇ ತಡ, ನನ್ನನ್ನು ಗಾಡಿಯಲ್ಲಿ ಹಾಕಿಕೊಂಡು ನಮ್ಮವರ ಮನೆಗಳಿದ್ದ ಊರೂರಿಗೆ ಸಾಕ್ಷಿ ಹೇಳಿಸಲು ಹೊರಟರು. ಹೇಳುವುದು ಆಕೆಯೇ, ನಾನು ಕೂರಬೇಕಷ್ಟೆ. ಸ್ಪರ್ಶಕ್ಕಾಗಿ ಹಂಬಲಿಸಿದ ಒಬ್ಬ ಹುಡುಗಿ, ರೋಗದ ಕಾಲಿನಲ್ಲೇ ಮೊಣಕಾಲೂರಿದಳು, ಕರ್ತನು ಬಂದು ಮುಟ್ಟಿದ. ಅಲ್ಲಿಗೆ ಕತೆ ಮುಗಿಯುತ್ತಿತ್ತು. ಹುಳ ಹರಿದದ್ದು, ಕಡ್ಡಿ, ಕೀವು, ಡಾಕ್ಟರು ಯಾವುದೂ ಅದರಲ್ಲಿಲ್ಲ. ಕುಕನೂರಿನಲ್ಲಿ ಹೆಂಗಸರು ನನ್ನ ಸೆಟೆದ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಬ್ಬ ಮುದುಕಿ "ಪುಣ್ಯಾತ್ಗಿತ್ತಿ ನೀ" ಎಂದು ನನ್ನ ಕೈಯಲ್ಲಿ ಉತ್ತತ್ತಿ ಇಟ್ಟಳು. ತಿಂದೆ, ಸಿಹಿಯಾಗಿತ್ತು.

ಕೊನೆಯದು ಅಳವಂಡಿ. ಬೇಸಿಗೆ ಮುಗಿಯುತ್ತ ಬಂದು ಮುಗಿಲು ಕಟ್ಟಿತ್ತು. ಒಬ್ಬರ ಮನೆಯ ಅಂಗಳದಲ್ಲಿ ಹತ್ತಾರು ಜನ ಕೂಡಿದ್ದರು. ಎಸ್ತರಮ್ಮ ಎಂದಿನಂತೆ ಹೇಳಿ ಮುಗಿಸಿದರು. ಎದುರಿಗೆ ಕೂತಿದ್ದ ಒಬ್ಬ ತಾಯಿ ಪಕ್ಕದಲ್ಲಿದ್ದ ಮಗಳನ್ನು ರಟ್ಟೆ ಹಿಡಿದು ಎಬ್ಬಿಸಿದಳು. ಎಂಟೊಂಬತ್ತರ ಕೂಸು. ಕಾಲಿಗೆ ಪಟ್ಟಿ, ಪಟ್ಟಿಯೊಳಗಿಂದ ಇಣುಕುವ ಕಡ್ಡಿ.

"ಊರು ಮೊಣಕಾಲು. ನಿನಗೂ ಬರತಾನ" ಎಂದಳು ತಾಯಿ.

ಕೂಸು ಮೊಣಕಾಲು ಮಡಚಿತು. ನಾನು ಎಸ್ತರಮ್ಮನ ಕಡೆ ನೋಡಿದೆ. ಆಕೆಯ ತುಟಿ ಅಲುಗಿತು, ಮಾತು ಬರಲಿಲ್ಲ. ನಾನು ಕೂತಲ್ಲಿಂದಲೇ ಕೋಲು ಒಗೆದು, ಮುಂದಕ್ಕೆ ಬಿದ್ದು, ಕೂಸನ್ನು ಎರಡೂ ಕೈಯಿಂದ ಎತ್ತಿ ಹಿಡಿದೆ.

"ಊರಬ್ಯಾಡ! ಹುಳ ಹರೀತೈತಿ! ನಂದು ಹಂಗ ಹರದೈತಿ, ಅದಕ್ಕ ಈ ಕಾಲು ಹಿಂಗಾಗೈತಿ. ಯಾರೂ ಹೇಳಂಗಿಲ್ಲ ನಿಮಗ!"

ಕೂಸು ಹೆದರಿ ಅಳತೊಡಗಿತು. ಎಸ್ತರಮ್ಮ ಕೈ ಜೋಡಿಸಿ ಸಣ್ಣದೊಂದು ಪ್ರಾರ್ಥನೆ ಹೇಳಿ ಕೂಟ ಮುಗಿಸಿದರು.

ಮರಳಿ ಬರುವಾಗ ಗಾಡಿ ಹರದಾರಿ ದೂರ ದಾಟಿತ್ತು. ಹನಿ ಬೀಳತೊಡಗಿತು. ಕಾಸಿಂಸಾಬ ಗೋಣಿತಾಟಿನ ಗೊಂಚಿ ತಲೆಗೆ ಹಾಕಿಕೊಂಡ. ಎಸ್ತರಮ್ಮ ನೆನೆಯುತ್ತಲೇ ಕೂತಿದ್ದರು.

"ಸಮಾಧಾನಿ, ಆವತ್ತು ನಿನ್ನ ಮುಟ್ಟಿದ್ದು ಯಾರು?"

"ನಿಮಗ ಗೊತ್ತೈತಲ್ರಿ. ಕಡ್ಡಿ ನೀವ ಇಸಗೊಂಡ್ರಿ."

"ಗೊತ್ತಿದ್ರ ಯಾಕ ಕೇಳತಿದ್ದೆ? ನೀ ಹೇಳು."

ಆಕೆಯ ದನಿಯಲ್ಲಿ ಬೇಡಿಕೆ ಇತ್ತು. ಅದನ್ನು ಕೇಳಿ ನನಗೆ ಕನಿಕರ ಬರಲಿಲ್ಲ. ಹೊಡೆಯುವುದಕ್ಕೆ ಜಾಗ ಸಿಕ್ಕಿತು ಅನಿಸಿತು.

"ಹುಳ ರೀ. ಹುಳ ಹರೀತು, ಒಳಗ ಹೋತು, ಉರೀತು. ಅಷ್ಟ. ಯಾವ ದೇವ್ರೂ ಬಂದಿದ್ದಿಲ್ಲ."

ಹೇಳಿದ ಕೂಡಲೇ ನನ್ನೊಳಗಿನ ಗಂಟೂ ಬಿಚ್ಚಿಹೋಯಿತು. ಕಾಲಿಗೆ ಬದಲಾಗಿ ಸಿಕ್ಕಿದೆ ಎಂದು ನಾನು ನಂಬಿಕೊಂಡಿದ್ದದ್ದನ್ನು ನನ್ನ ಬಾಯಿಂದಲೇ ಇಲ್ಲವೆಂದಿದ್ದೆ. ಆದರೂ ಆಕೆಯ ಮುಖ ನೋಡಲು ತಿರುಗಿದೆ. ಕುಸಿದಿರುತ್ತಾರೆ ಎಂದುಕೊಂಡಿದ್ದೆ. ಎಸ್ತರಮ್ಮ ಮಳೆಯ ಕಡೆ ನೋಡುತ್ತಿದ್ದರು.

"ಇರಬೇಕವ್ವಾ" ಎಂದರು. "ರೂತ್ ದಿನಾ ಅಳತಾಳ. ನಾ ಕೂದಲು ಬೆಳ್ಳಗಾಗೋತನ ಮೊಣಕಾಲು ಊರೀನಿ. ಒಂದಿನಾನೂ ಏನೂ ಬಂದಿದ್ದಿಲ್ಲ. ಯಾರ ಮುಂದೂ ಹೇಳಿಲ್ಲ. ಆವತ್ತು ನಿನ್ನ ಅಪ್ಪಿಕೊಂಡಾಗ ಬಂತು. ಎದಿ ತುಂಬ ಬಂತು, ಇನ್ನೂ ಹೋಗಿಲ್ಲ." ತಿರುಗಿ ನನ್ನನ್ನು ನೋಡಿದರು. "ನಿನ್ನ ಕಾಲಾಗ ಹುಳ ಇತ್ತು, ಖರೆ. ನನಗೆಲ್ಲಿತ್ತು ಹುಳ?"

ಕಾಸಿಂಸಾಬ ಎತ್ತುಗಳಿಗೆ ಹೈ ಹೈ ಅಂದ.

ಅಂದರೆ ಅವನು ಬಂದದ್ದು ನಿಜ. ಕರೆದವಳು ನಾನು, ಕಾಲು ಕೊಟ್ಟವಳು ನಾನು. ಅವನು ನನ್ನನ್ನು ದಾಟಿಕೊಂಡು, ಕಲ್ಲಿನ ಮೇಲೆ ನನ್ನನ್ನು ಊರಿಸಿದಾಕೆಯ ಎದೆಗೆ ಹೋಗಿದ್ದ. ಆ ಗಾಡಿಯಲ್ಲಿ, ಮಳೆಯಲ್ಲಿ, ಕಣ್ಣು ಬಿಟ್ಟುಕೊಂಡೇ ನಾನು ಅವನಿಗೆ ಒಳಗೊಳಗೇ ಅಂದೆ: ಎಲಾ ಇವನ, ಕಾಲು ನಂದು ಇಸಕೊಂಡು ಆಕಿ ಮನಿಗೆ ಹೋದೇನು? ಅಲ್ಲಿಯವರೆಗೆ ಅವನ ಹತ್ತಿರ ನಾನು ಹೀಗೆ ಜಗಳ ತೆಗೆದವಳಲ್ಲ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಎಸ್ತರಮ್ಮನವರನ್ನು ಬೇರೆ ಕಡೆಗೆ ಹಾಕಿದರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು, ಕ್ಷಮೆ ಕೇಳಲಿಲ್ಲ. ಆಕೆ ತೃಪ್ತಿಯಿಂದ ಸತ್ತರೆಂದು ಎಷ್ಟೋ ವರ್ಷಗಳ ಮೇಲೆ ಕೇಳಿದೆ. ಹೊಟ್ಟೆ ಉರಿಯಿತು. ನಾನು ಅದೇ ದವಾಖಾನೆಯಲ್ಲಿ ಕಾಲು ಚಾಚಿಕೊಂಡು ಪಟ್ಟಿ ಕುದಿಸಿದೆ, ಹುಳ ಸುತ್ತಿದೆ, ಎಲೆ ಬಾಡಿಸಿದೆ. ಬೆಳಿಗ್ಗೆ ಒಲೆ ಹಚ್ಚುವಾಗ ದೇವರೊಂದಿಗೆ ಶುರುವಾದ ಜಗಳ ದಿನವಿಡೀ ನಡೆಯುತ್ತಿತ್ತು. ಕೈ ಕೀವಿನಲ್ಲಿದ್ದಾಗಲೂ ಬಾಯಿಗೆ ಬಿಡುವಿರಲಿಲ್ಲ.

ಈಗ ಇಲ್ಲಿನ ಹೊಸ ಪಾಸ್ಟರು ವಾರಕ್ಕೊಮ್ಮೆ ಬಂದು, ಅಮ್ಮಾರ, ಪ್ರಾರ್ಥನೆಗೆ ಎಷ್ಟು ಹೊತ್ತು ಕೂಡ್ತೀರಿ ಎಂದು ಕೇಳುತ್ತಾರೆ. ಕೂತಿಲ್ಲ, ಮೊಣಕಾಲೂರಿಲ್ಲ, ಕಣ್ಣು ಮುಚ್ಚಿಲ್ಲ. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ, ಅಂದು ಗಾಡಿಯಲ್ಲಿ ಕೇಳಿದ ಅದೇ ಒಂದು ಪ್ರಶ್ನೆಯನ್ನು ಕೇಳುತ್ತಲೇ ಇದ್ದೇನೆ. ಅವನು ಉತ್ತರ ಕೊಟ್ಟಿಲ್ಲ. ಕೊಡುವ ತನಕ ನಾನು ಬಿಡುವವಳಲ್ಲ. ಇಷ್ಟು ವರ್ಷ ಬೈಸಿಕೊಂಡೂ ಅವನು ಎದ್ದು ಹೋಗಿಲ್ಲ.